ಸೈಕೆಡೆಲಿಕ್‌ಗಳ ನೆರವಿನಿಂದ ಒಳ್ಳೆಯವರಾಗಲು ಯತ್ನಿಸುವುದು ಸರಿಯೇ?

ಸಿಲೋಸೈಬಿನ್ ಅಥವಾ ಎಲ್‌ಎಸ್‌ಡಿಯಂತಹ ಸೈಕೆಡೆಲಿಕ್, ಅಂದರೆ ಗ್ರಹಿಕೆ ಮತ್ತು ಮನಃಸ್ಥಿತಿಯನ್ನು ತೀವ್ರವಾಗಿ ಬದಲಿಸುವ ವಸ್ತುವನ್ನು ಸೇವಿಸಿ ಸಿಟ್ಟು, ಸ್ವಾರ್ಥಗಳನ್ನು ತಗ್ಗಿಸಿಕೊಳ್ಳುವುದು ಅಡ್ಡದಾರಿಯಲ್ಲವೇ, ಹಾಗೆ ಬಂದ ಒಳ್ಳೆಯತನ ನಮ್ಮದೆನಿಸುತ್ತದೆಯೇ ಎಂದು ಕೇಳಿದ್ದೀರಿ. ಅಡ್ಡದಾರಿ ಎಂಬ ಆಕ್ಷೇಪ ನನಗೆ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ಖಿನ್ನತೆಗೆ ಔಷಧಿ ಪಡೆದ ಬಳಿಕ ಮನೆಯವರ ಮೇಲೆ ರೇಗುವುದನ್ನು ಬಿಟ್ಟವರ ತಾಳ್ಮೆಯನ್ನು ನಾವು ಯಾರೂ ಹುಸಿ ಎನ್ನುವುದಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಬೇರೆ: ಸೇವಿಸಿದವರು ಉತ್ತಮರಾಗಿದ್ದಾರೆಂದು ತೀರ್ಮಾನಿಸುವವರು ಯಾರು?

ಈ ವಸ್ತುಗಳು ಮಿದುಳಿನಲ್ಲಿ ಸಂದೇಶ ಸಾಗಿಸುವ ಸಿರೊಟೋನಿನ್ ಎಂಬ ರಾಸಾಯನಿಕವನ್ನು ಗ್ರಹಿಸುವ ಗ್ರಾಹಕಗಳ ಮೇಲೆ ಕೆಲಸ ಮಾಡಿ, ‘ನಾನು’ ಎಂಬ ಗಡಿ ಕರಗಿದಂತಹ, ಪರಮಸತ್ಯವೇ ಕಂಡಿತೆಂಬಂತಹ ಬಲವಾದ ಅನುಭವವನ್ನು ಉಂಟುಮಾಡಬಲ್ಲವು. ಒಳ್ಳೆಯವನಾದೆ ಎಂಬ ಅನಿಸಿಕೆಯೂ ಅದೇ ಅನುಭವದ ಒಂದು ಭಾಗವಾಗಿರಬಹುದಾದ್ದರಿಂದ, ಆ ಅನಿಸಿಕೆಯನ್ನೇ ಸುಧಾರಣೆಗೆ ಸಾಕ್ಷಿಯೆಂದು ಒಪ್ಪಲಾಗದು. 1960ರ ದಶಕದ ಆರಂಭದಲ್ಲಿ ಮನಶ್ಶಾಸ್ತ್ರಜ್ಞ ಟಿಮೊಥಿ ಲಿಯರಿ ಮತ್ತು ಸಂಗಡಿಗರು ಅಮೆರಿಕದ ಕಾನ್‌ಕಾರ್ಡ್ ಸೆರೆಮನೆಯಲ್ಲಿ ಕೈದಿಗಳಿಗೆ ಸಿಲೋಸೈಬಿನ್ ಕೊಟ್ಟು, ಬಿಡುಗಡೆಯಾದವರು ಮತ್ತೆ ಸೆರೆಮನೆ ಸೇರುವುದು ಕಡಿಮೆಯಾಯಿತೆಂದು ಸಾರಿದ್ದರು. ದಶಕಗಳ ನಂತರ ರಿಕ್ ಡಾಬ್ಲಿನ್ ದಾಖಲೆಗಳನ್ನು ಮತ್ತೆ ಪರಿಶೀಲಿಸಿದಾಗ ಆ ಹೇಳಿಕೆ ನಿಲ್ಲಲಿಲ್ಲ. ಡಾಬ್ಲಿನ್ ಈ ವಸ್ತುಗಳ ವಿರೋಧಿಯಲ್ಲ, ಅವುಗಳ ಪರವಾಗಿ ದೀರ್ಘಕಾಲ ದುಡಿದವರು. ಆದ್ದರಿಂದಲೇ ಅವರ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಇದಕ್ಕೆ ಹೋಲಿಸಿದರೆ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿ ರೋಲಂಡ್ ಗ್ರಿಫಿತ್ಸ್ ಮತ್ತು ಸಹೋದ್ಯೋಗಿಗಳು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನ ಹೆಚ್ಚು ಎಚ್ಚರಿಕೆಯದು. ಅದರ 36 ಸ್ವಯಂಸೇವಕರಲ್ಲಿ ಸುಮಾರು ಮೂರನೆಯ ಎರಡು ಭಾಗದಷ್ಟು ಜನ, ಎರಡು ತಿಂಗಳ ನಂತರವೂ, ಸಿಲೋಸೈಬಿನ್ ಅನುಭವವನ್ನು ತಮ್ಮ ಬದುಕಿನ ಐದು ಅತ್ಯಂತ ಅರ್ಥಪೂರ್ಣ ಅನುಭವಗಳಲ್ಲಿ ಒಂದೆಂದರು. ಸಂಶೋಧಕರು ಅಲ್ಲಿಗೇ ನಿಲ್ಲದೆ ಸ್ವಯಂಸೇವಕರನ್ನು ಹತ್ತಿರದಿಂದ ಬಲ್ಲವರನ್ನೂ ವಿಚಾರಿಸಿದರು. ಅವರಿಗೂ ಒಳ್ಳೆಯ ಬದಲಾವಣೆ ಕಂಡಿತ್ತು, ಆದರೆ ಅದು ಸಣ್ಣದಾಗಿತ್ತು. ಅನುಭವದ ಅಗಾಧತೆಗೂ ನಡತೆಯಲ್ಲಿ ಕಂಡ ಬದಲಾವಣೆಗೂ ನಡುವಿನ ಈ ಅಂತರವೇ ನಿಮ್ಮ ಪ್ರಶ್ನೆಯ ತಿರುಳೆಂದು ನನ್ನ ಭಾವನೆ. ಆ ಸ್ವಯಂಸೇವಕರೆಲ್ಲ ಮೊದಲೇ ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಾಧನೆಯಲ್ಲಿ ತೊಡಗಿದ್ದವರು ಎಂಬುದನ್ನೂ ಮರೆಯಬಾರದು.

ಏಕೆಂದರೆ ಈ ವಸ್ತುಗಳಿಗೆ ತಮ್ಮದೇ ಆದ ನೈತಿಕ ದಿಕ್ಕಿಲ್ಲ. ಅವು ಮನಸ್ಸನ್ನು ಸಡಿಲಗೊಳಿಸಿ, ಸುತ್ತಲಿನವರು ಹೇಳಿದ್ದನ್ನು ಸುಲಭವಾಗಿ ಒಪ್ಪುವಂತೆ ಮಾಡುತ್ತವೆ. ಆ ಹೊತ್ತಿನಲ್ಲಿ ಪಕ್ಕದಲ್ಲಿರುವವರು ಏನನ್ನು ಬಿತ್ತುತ್ತಾರೋ ಅದು ಬೇರೂರುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ತನ್ನ ಪಂಥದವರಿಂದ ಕೊಲೆಗಳನ್ನು ಮಾಡಿಸಿದ ಚಾರ್ಲ್ಸ್ ಮ್ಯಾನ್‌ಸನ್ ತನ್ನ ಹಿಂಬಾಲಕರಿಗೆ ಎಲ್‌ಎಸ್‌ಡಿ ಕೊಡುತ್ತಿದ್ದ. 1995ರಲ್ಲಿ ಟೋಕಿಯೋದ ಸುರಂಗ ರೈಲುಗಳಲ್ಲಿ ಸಾರಿನ್ ವಿಷವನ್ನು ಹರಡಿದ ಓಂ ಶಿನ್‌ರಿಕ್ಯೋ ಪಂಥವೂ ದೀಕ್ಷಾವಿಧಿಗಳಲ್ಲಿ ಅದನ್ನು ಬಳಸಿತ್ತು. ಆ ಹಿಂಬಾಲಕರಲ್ಲೂ ತಾವು ಉನ್ನತ ಸತ್ಯದತ್ತ ಸಾಗುತ್ತಿದ್ದೇವೆಂದು ನಂಬಿದವರಿದ್ದರು.

ಹಾಗಾಗಿ ಜೊತೆಗಿರುವ ಮಾರ್ಗದರ್ಶಕರ ಹೊಣೆ ಬಹಳ ದೊಡ್ಡದು. ತಮ್ಮ ನಂಬಿಕೆಯನ್ನು ಹೇರದಿರುವುದು, ಮುಟ್ಟುವುದಿದ್ದರೆ ಯಾವ ಮಿತಿಯಲ್ಲಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು, ದೇವರು, ಸಂಬಂಧ, ವೃತ್ತಿಗಳ ಕುರಿತ ನಿಮ್ಮ ನಿಲುವುಗಳೇ ಬದಲಾಗಬಹುದೆಂದು ಮುಂಚಿತವಾಗಿ ತಿಳಿಸುವುದು, ಇವಿಲ್ಲದೆ ಪಡೆದ ಒಪ್ಪಿಗೆಯನ್ನು ನಾನು ಪೂರ್ಣ ಒಪ್ಪಿಗೆಯೆಂದು ಕರೆಯಲಾರೆ. ಸಮಾಜದ ಒಳಿತಿನ ಹೆಸರಿನಲ್ಲಿ ಇನ್ನೊಬ್ಬರಿಗೆ ಬಲವಂತವಾಗಿ ಅಥವಾ ತಿಳಿಯದಂತೆ ಕೊಡುವುದಂತೂ ಸರಳವಾಗಿ ತಪ್ಪು.

ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ಕಿಜೋಫ್ರೀನಿಯಾದಂತಹ ತೀವ್ರ ಮಾನಸಿಕ ಕಾಯಿಲೆಯ ಕೌಟುಂಬಿಕ ಹಿನ್ನೆಲೆ ಇರುವವರನ್ನು ಸಂಶೋಧಕರು ಸಾಮಾನ್ಯವಾಗಿ ಪ್ರಯೋಗಗಳಿಂದ ಹೊರಗಿಡುತ್ತಾರೆ. ಹೆಚ್ಚಿನ ದೇಶಗಳಲ್ಲಿ ಸಂಶೋಧನೆಯ ಹೊರಗಿನ ಬಳಕೆ ಕಾನೂನುಬಾಹಿರ. ನಿಮ್ಮನ್ನು ಅವಲಂಬಿಸಿದವರಿದ್ದರೆ ಈ ಅಪಾಯ ನಿಮ್ಮೊಬ್ಬರದೇ ಅಲ್ಲ.

ಕಾನೂನಿನ ಚೌಕಟ್ಟಿನಲ್ಲಿ, ವೈದ್ಯರ ನಿಗಾದಲ್ಲಿ, ತಿಳಿದು ಒಪ್ಪಿದ ವಯಸ್ಕರು ಇದಕ್ಕೆ ಮುಂದಾಗುವುದು ಅನೈತಿಕವೆಂದು ನಾನು ಹೇಳಲಾರೆ. ಆದರೆ ಮುಂದಾಗುವ ಮೊದಲು, ನಿಮ್ಮ ಸಿಟ್ಟಿನಿಂದ ನೊಂದವರಿಗೆ ನೀವು ಏನನ್ನು ಬದಲಿಸಿಕೊಳ್ಳಬಯಸುತ್ತೀರೆಂದು ತಿಳಿಸಿ, ಕೆಲವು ತಿಂಗಳ ನಂತರ ಅವರನ್ನೇ ಕೇಳಿ. ಏನೂ ಬದಲಾಗಿಲ್ಲವೆಂದು ಅವರು ಹೇಳಿದರೆ, ನಿಮ್ಮ ಅನುಭವ ಎಷ್ಟೇ ದೊಡ್ಡದಾಗಿದ್ದರೂ ಅವರ ಮಾತನ್ನೇ ನಂಬಿ.