ಬಾಂಬುಗಳ ಲೆಕ್ಕ, ನಿಮಿಷಗಳ ಲೆಕ್ಕ

ಓದುಗರ ಪತ್ರ: "ಟಿ.ವಿ.ಯಲ್ಲಿ ದಿನಾ ಒಂದು ಪಟ್ಟಿ ತೋರಿಸುತ್ತಾರೆ. ಈ ದೇಶದ ಬಳಿ ಇಷ್ಟು ಅಣುಬಾಂಬು, ಆ ದೇಶದ ಬಳಿ ಅಷ್ಟು. ಇನ್ನು ಸ್ವಲ್ಪ ವರ್ಷಗಳಲ್ಲಿ ಎಲ್ಲರ ಕೈಗೂ ಬಾಂಬು ಬರುತ್ತದಂತೆ. ಹಾಗಿದ್ದರೆ ಎದುರಾಳಿಗಿಂತ ಮೊದಲೇ, ಕ್ಷಣದಲ್ಲಿ ಹೊಡೆಯಲು ಸಿದ್ಧವಾಗಿರುವುದೇ ಸುರಕ್ಷಿತ ಅಲ್ವಾ? ಸೇನಾ ಸಿದ್ಧತೆ ಅಂದರೆ ನಿಮ್ಮ ಪತ್ರಿಕೆ ಯಾಕೆ ಯಾವಾಗಲೂ ಮೂಗು ಮುರಿಯುತ್ತದೆ? ಮುಂದಿನ ಬಾಂಬು ಯಾರದ್ದು ಅನ್ನುವುದನ್ನಾದರೂ ಹೇಳಿ." (ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ)

ಸಂಪಾದಕರ ಉತ್ತರ:

ಮೊದಲು ಪಟ್ಟಿಯ ಮಾತು. ಎಲ್ಲರ ಕೈಗೂ ಬಾಂಬು ಸೇರುತ್ತದೆ ಅನ್ನುವ ಭಯಕ್ಕೆ ಅರವತ್ತು ವರ್ಷ ದಾಟಿದೆ. 1970ರ ದಶಕದಲ್ಲಿ 15, 20, ಅಥವಾ 25 ದೇಶಗಳ ಬಳಿ ಈ ಅಸ್ತ್ರ ಇರಬಹುದು ಎಂದು ಅಮೆರಿಕದ ಅಧ್ಯಕ್ಷ ಕೆನಡಿ 1963ರಲ್ಲೇ ಆತಂಕಪಟ್ಟಿದ್ದರು. ಇವತ್ತು ಆ ಸಂಖ್ಯೆ ಒಂಬತ್ತು: ಅಮೆರಿಕ, ರಷ್ಯಾ, ಬ್ರಿಟನ್, ಫ್ರಾನ್ಸ್, ಚೀನಾ, ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ, ಜೊತೆಗೆ ಹೌದು ಎಂದೂ ಹೇಳದ, ಇಲ್ಲ ಎಂದೂ ಹೇಳದ ಇಸ್ರೇಲ್. 1986ರ ಸುಮಾರಿಗೆ ಲೋಕದಲ್ಲಿದ್ದ ಸಿಡಿತಲೆಗಳು (ಅಣ್ವಸ್ತ್ರದ ಸಿಡಿಯುವ ಭಾಗ) 70 ಸಾವಿರದ ಹತ್ತಿರ. ಈಗ 12 ಸಾವಿರದ ಆಸುಪಾಸು. ಮಾಡಿಟ್ಟುಕೊಂಡದ್ದನ್ನು ಬಿಟ್ಟವರೂ ಇದ್ದಾರೆ. ದಕ್ಷಿಣ ಆಫ್ರಿಕಾ ಗುಟ್ಟಾಗಿ ಆರು ಬಾಂಬು ತಯಾರಿಸಿ, ಆಮೇಲೆ ತಾನೇ ಬಿಚ್ಚಿಹಾಕಿತು. ಈ ಸಂಗತಿಯನ್ನು ಅಧ್ಯಕ್ಷ ಡಿ ಕ್ಲರ್ಕ್ 1993ರಲ್ಲಿ ಸಂಸತ್ತಿನ ಮುಂದೆ ಒಪ್ಪಿಕೊಂಡರು. 1970ರಲ್ಲಿ ಜಾರಿಗೆ ಬಂದ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದ, ಅಂದರೆ ಎನ್‌ಪಿಟಿ, ಮೊದಲೇ ಬಾಂಬು ಇದ್ದ ಐದು ದೇಶಗಳಿಗೆ ಒಂದು ನ್ಯಾಯ, ಉಳಿದವರಿಗೆ ಇನ್ನೊಂದು ಅನ್ನುತ್ತದೆ ಎಂಬ ತಕರಾರಿದೆ. ಆ ತಕರಾರು ಸರಿಯೇ. ಆದರೂ ಅದು ಕೆಲಸ ಮಾಡಿದೆ.

ಹಾಗಂತ ನಿಮ್ಮ ಭಯವನ್ನು ತಳ್ಳಿಹಾಕುತ್ತಿಲ್ಲ. ಸೋವಿಯತ್ ಒಕ್ಕೂಟ ಒಡೆದಾಗ ತನ್ನ ನೆಲದಲ್ಲಿ ಉಳಿದ ಸಿಡಿತಲೆಗಳನ್ನು ಉಕ್ರೇನ್ ರಷ್ಯಾಕ್ಕೆ ಒಪ್ಪಿಸಿತು. 1994ರಲ್ಲಿ ಬುಡಾಪೆಸ್ಟ್‌ನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಅದರ ಗಡಿಯನ್ನು ಗೌರವಿಸುತ್ತೇವೆ ಎಂದು ಸಹಿ ಹಾಕಿದವು. 2014ರಲ್ಲಿ ಕ್ರಿಮಿಯಾ ಹೋಯಿತು, 2022ರಲ್ಲಿ ಪೂರ್ಣ ಯುದ್ಧವೇ ಬಂತು. (ಆ ಸಿಡಿತಲೆಗಳನ್ನು ಹಾರಿಸುವ ಕೋಡ್ ಮಾಸ್ಕೋ ಕೈಯಲ್ಲೇ ಇತ್ತು ಅನ್ನುವುದು ನಿಜ. ಆದರೆ ದೂರದಿಂದ ನೋಡುವವರು ಅಷ್ಟು ವಿವರಕ್ಕೆ ಹೋಗುವುದಿಲ್ಲ.) ಲಿಬಿಯಾದ ಗಡಾಫಿ 2003ರಲ್ಲಿ ಅಣ್ವಸ್ತ್ರ ಯೋಜನೆ ಕೈಬಿಟ್ಟರು, 2011ರಲ್ಲಿ ಹತರಾದರು. ಉತ್ತರ ಕೊರಿಯಾ ಅದೇ 2003ರಲ್ಲಿ ಎನ್‌ಪಿಟಿಯಿಂದ ಹೊರಬಂದಿತು, 2006ರಲ್ಲಿ ಮೊದಲ ಪರೀಕ್ಷೆ ನಡೆಸಿತು. ಆ ಆಳ್ವಿಕೆ ಇಂದಿಗೂ ಗಟ್ಟಿಯಾಗಿ ಕೂತಿದೆ. ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡುವ ಆಡಳಿತಗಾರನ ಮನಸ್ಸಿನಲ್ಲಿ ಏನು ಓಡುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ಇರಾನ್ ವಿಷಯಕ್ಕೆ ಬಂದಾಗ ಚಾನೆಲ್‌ಗಳು ಒಂದು ಮುಖ್ಯ ಸಂಗತಿ ಬಿಡುತ್ತವೆ. ಗಣಿಯಿಂದ ಬರುವ ಯುರೇನಿಯಂನಲ್ಲಿ ಒಡೆಯಬಲ್ಲ ಯುರೇನಿಯಂ-235 ಇರುವುದು ಶೇ 0.7 ಮಾತ್ರ. ವಿದ್ಯುತ್ ಸ್ಥಾವರಕ್ಕೆ ಸಾಮಾನ್ಯವಾಗಿ ಶೇ 3ರಿಂದ 5 ಸಾಕು. ಬಾಂಬಿಗೆ ಶೇ 90ರ ಹತ್ತಿರ ಬೇಕು. ಇರಾನ್ ಮುಟ್ಟಿದ ಶೇ 60, ಕೇಳಿದರೆ 90ಕ್ಕೆ ಇನ್ನೂ ದೂರ ಅನ್ನಿಸುತ್ತದೆ. ಹಾಗಿಲ್ಲ. ಕಷ್ಟವೆಲ್ಲ ಆರಂಭದಲ್ಲೇ. ಶೇ 60 ಮುಟ್ಟುವ ಹೊತ್ತಿಗೆ ಕೆಲಸದ ಬಹುಪಾಲು ಮುಗಿದಿರುತ್ತದೆ. ಅಮೆರಿಕ ಮತ್ತಿತರ ದೇಶಗಳ ಜೊತೆ ಮಾಡಿಕೊಂಡ 2015ರ ಒಪ್ಪಂದ ಇರಾನನ್ನು ಶೇ 3.67ಕ್ಕೆ ಕಟ್ಟಿಹಾಕಿತ್ತು. 2018ರಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರನಡೆಯಿತು. 2021ರಲ್ಲಿ ಇರಾನ್ ಶೇ 60ಕ್ಕೆ ಏರಿತು. 2025ರ ಜೂನ್‌ನಲ್ಲಿ ಇಸ್ರೇಲ್, ಆಮೇಲೆ ಅಮೆರಿಕ ಅದರ ಅಣು ಕೇಂದ್ರಗಳ ಮೇಲೆ ಬಾಂಬು ಹಾಕಿದವು. ಇದಾದ ಮೇಲೆ, ಅಣು ಕೇಂದ್ರಗಳ ತಪಾಸಣೆ ಮಾಡುವ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಜೊತೆ ಸಹಕಾರ ನಿಲ್ಲಿಸುವ ಕಾನೂನನ್ನು ಇರಾನ್ ತಂದಿತು. ಯಂತ್ರಗಳು ಹಾಳಾದವು ಸರಿ. ಒಳಗೆ ಹೋಗಿ ಎಣಿಸುವವರೇ ಇಲ್ಲವಾದರಲ್ಲ, ನನಗೆ ಅದು ಹೆಚ್ಚು ಅಪಾಯ ಅನ್ನಿಸುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ. ಸಿದ್ಧತೆ ಅಂದರೆ ನಾವು ಮೂಗು ಮುರಿಯುವುದಿಲ್ಲ. ಸಿದ್ಧತೆಯಲ್ಲಿ ಎರಡು ಬಗೆ ಇದೆ. ಏಟು ತಿಂದ ಮೇಲೂ ತಿರುಗಿ ಹೊಡೆಯುವ ಶಕ್ತಿ ಉಳಿಸಿಕೊಳ್ಳುವುದು ಒಂದು. ಸಮುದ್ರದಡಿ ಅಡಗಿರುವ ಜಲಾಂತರ್ಗಾಮಿಗಳು ಇರುವುದು ಅದಕ್ಕೇ. ಇಂಥ ಶಕ್ತಿ ಇರುವವರಿಗೆ ಗಾಬರಿ ಬೀಳುವ ಅಗತ್ಯ ಇಲ್ಲ. ಯೋಚಿಸಲು ಸಮಯ ಸಿಗುತ್ತದೆ. ಏಟು ಬೀಳುವ ಮೊದಲೇ, ಎಚ್ಚರಿಕೆ ಬಂದ ಕೂಡಲೇ ಹಾರಿಸಿಬಿಡುವುದು ಇನ್ನೊಂದು. ನೀವು ಸುರಕ್ಷಿತ ಅನ್ನುತ್ತಿರುವುದು ಈ ಎರಡನೆಯದನ್ನು. ನಮ್ಮ ಜಗಳ ಇರುವುದೂ ಅದರ ಜೊತೆಗೇ.

ಖಂಡಾಂತರ ಕ್ಷಿಪಣಿ ಅಮೆರಿಕದಿಂದ ರಷ್ಯಾ ಮುಟ್ಟಲು ಸುಮಾರು 30 ನಿಮಿಷ ಬೇಕು. ಗುರುತಿಸಿ, ಖಚಿತಪಡಿಸಿ, ಮೇಲಿನವರಿಗೆ ತಿಳಿಸುವಷ್ಟರಲ್ಲಿ ನಿರ್ಧಾರಕ್ಕೆ ಉಳಿಯುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಯಂತ್ರ ಸುಳ್ಳು ಹೇಳಿದರೆ? ಹೇಳಿದೆ. 1979ರ ನವೆಂಬರ್‌ನಲ್ಲಿ ತರಬೇತಿಯ ಟೇಪು ಅಮೆರಿಕದ ಎಚ್ಚರಿಕೆ ಕಂಪ್ಯೂಟರಿಗೆ ಸೇರಿ, ದೊಡ್ಡ ಸೋವಿಯತ್ ದಾಳಿ ಬರುತ್ತಿದೆ ಎಂದು ತೋರಿಸಿತು. ಮರುವರ್ಷ ಅದೇ ಗಾಬರಿಗೆ ಕಾರಣವಾದದ್ದು 46 ಸೆಂಟಿನ ಒಂದು ಕೆಟ್ಟುಹೋದ ಚಿಪ್. 1983ರ ಸೆಪ್ಟೆಂಬರ್ 26ರಂದು ಸೋವಿಯತ್ ಉಪಗ್ರಹ, ಮೋಡಗಳ ಮೇಲೆ ಬಿದ್ದ ಬಿಸಿಲನ್ನು ಐದು ಅಮೆರಿಕನ್ ಕ್ಷಿಪಣಿ ಎಂದು ವರದಿ ಮಾಡಿತು. ಪಾಳಿಯಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್ ಅದನ್ನು ನಂಬಲಿಲ್ಲ. ಯುದ್ಧ ಶುರು ಮಾಡುವವರು ಬರೀ ಐದು ಕ್ಷಿಪಣಿ ಯಾಕೆ ಬಿಡುತ್ತಾರೆ ಅನ್ನುವುದು ಅವರ ತರ್ಕ. ಸುಳ್ಳು ಎಚ್ಚರಿಕೆ ಎಂದೇ ಮೇಲಿನವರಿಗೆ ತಿಳಿಸಿದರು. 1995ರಲ್ಲಿ ನಾರ್ವೆ ಧ್ರುವಪ್ರಭೆಯ ಅಧ್ಯಯನಕ್ಕೆ ಒಂದು ರಾಕೆಟ್ ಬಿಟ್ಟಿತು. ಮುಂಚೆಯೇ ರಷ್ಯಾಕ್ಕೆ ತಿಳಿಸಿತ್ತು ಕೂಡ. ಆದರೆ ಸುದ್ದಿ ರೇಡಾರ್ ಸಿಬ್ಬಂದಿಗೆ ತಲುಪಿರಲಿಲ್ಲ. ಅಣ್ವಸ್ತ್ರ ಹಾರಿಸಲು ಆದೇಶ ಕೊಡುವ ಪೆಟ್ಟಿಗೆ ರಷ್ಯಾದ ಅಧ್ಯಕ್ಷ ಯೆಲ್ಸಿನ್ ಎದುರು ತೆರೆಯಿತು.

ಇದೆಲ್ಲ ದೂರದ ಕಥೆ ಅನ್ನಬೇಡಿ. 2022ರ ಮಾರ್ಚ್ 9ರಂದು ಭಾರತದ ಒಂದು ಬ್ರಹ್ಮೋಸ್ ಕ್ಷಿಪಣಿ ತಪ್ಪಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಭಾರತ ವಿಷಾದಿಸಿತು. ನಂತರ ಮೂವರು ವಾಯುಪಡೆ ಅಧಿಕಾರಿಗಳು ಕೆಲಸ ಕಳೆದುಕೊಂಡರು. ಪಾಕಿಸ್ತಾನ ತಿರುಗಿ ಹೊಡೆಯಲಿಲ್ಲ. ಎರಡೂ ಕಡೆ "ಕ್ಷಣದಲ್ಲಿ ಹೊಡೆಯುವ" ವ್ಯವಸ್ಥೆಯೇ ಇದ್ದು, ಅದು ಶಾಂತ ಮಾರ್ಚ್ ತಿಂಗಳಾಗಿರದೆ ಗಡಿಯಲ್ಲಿ ಗುಂಡು ಹಾರುತ್ತಿದ್ದ ದಿನವಾಗಿದ್ದರೆ? ಅಲ್ಲಿಂದಿಲ್ಲಿಗೆ ಕ್ಷಿಪಣಿಗೆ 30 ನಿಮಿಷವೂ ಬೇಡ.

ಆದ್ದರಿಂದ ಎರಡು ದೇಶಗಳ ಅಣ್ವಸ್ತ್ರ ಬಲವನ್ನು ಹೋಲಿಸುವಾಗ ನಾನು ಮೊದಲು ಕೇಳುವುದು ಬೇರೆ. ಸಿಡಿತಲೆ ಕ್ಷಿಪಣಿಗೆ ಜೋಡಿಸಿಯೇ ಇದೆಯೋ, ಬೇರೆ ಕಡೆ ಇಟ್ಟಿದ್ದಾರೋ? ಇಬ್ಬರು ಸೇನಾಧಿಕಾರಿಗಳು ಫೋನ್ ಎತ್ತಿ ಮಾತಾಡುವ ದಾರಿ ತೆರೆದಿದೆಯೋ? ಭಾರತ ಮತ್ತು ಪಾಕಿಸ್ತಾನ 1992ರಿಂದ ಪ್ರತಿ ಜನವರಿ 1ರಂದು ತಮ್ಮ ಅಣು ಕೇಂದ್ರಗಳ ಪಟ್ಟಿಯನ್ನು ಪರಸ್ಪರ ಕೊಡುತ್ತವೆ, ಅವುಗಳ ಮೇಲೆ ದಾಳಿ ಮಾಡುವುದಿಲ್ಲ ಅನ್ನುವ ಒಪ್ಪಂದದಂತೆ. ಕಾರ್ಗಿಲ್ ವರ್ಷವೂ ಅದು ಮುಂದುವರಿಯಿತು. ನೀರಸ ಸುದ್ದಿ, ಟಿ.ವಿ.ಯಲ್ಲಿ ಎರಡು ಸಾಲೂ ಬರುವುದಿಲ್ಲ. ದೊಡ್ಡವರ ಕಡೆ ಇಂಥ ದಾರಿಗಳು ಮುಚ್ಚುತ್ತಿವೆ. ನ್ಯೂ ಸ್ಟಾರ್ಟ್ ಒಪ್ಪಂದ ಅಮೆರಿಕ, ರಷ್ಯಾ ಇಬ್ಬರಿಗೂ, ಹಾರಿಸಲು ನಿಯೋಜಿಸಿಟ್ಟ ದೂರಗಾಮಿ ಸಿಡಿತಲೆಗಳಿಗೆ 1,550ರ ಮಿತಿ ಹಾಕಿತ್ತು. ಒಬ್ಬರ ನೆಲೆಗೆ ಇನ್ನೊಬ್ಬರು ಹೋಗಿ ಎಣಿಸುವ ಅವಕಾಶವೂ ಅದರಲ್ಲಿತ್ತು. 2023ರಲ್ಲಿ ರಷ್ಯಾ ಅದನ್ನು ಅಮಾನತಿನಲ್ಲಿಟ್ಟಿತು. ಅದರ ಅವಧಿ ಇದ್ದದ್ದೂ 2026ರ ಫೆಬ್ರವರಿ 5ರವರೆಗೆ ಮಾತ್ರ.

ಮುಂದಿನ ಬಾಂಬು ಯಾರದ್ದು ಎಂದು ಕೇಳಿದ್ದೀರಿ. ಭವಿಷ್ಯ ಹೇಳಲಾರೆ, ಯಾರ ಮೇಲೆ ಕಣ್ಣಿಡಬೇಕು ಎಂದು ಹೇಳಬಲ್ಲೆ. ಇರಾನ್ ಬಾಂಬು ಮಾಡಿದರೆ ನಾವೂ ಆದಷ್ಟು ಬೇಗ ಮಾಡುತ್ತೇವೆ ಎಂದು ಸೌದಿ ಯುವರಾಜ 2018ರಲ್ಲೇ ಹೇಳಿದ್ದಾರೆ. ದಕ್ಷಿಣ ಕೊರಿಯಾದಲ್ಲಿ ಹಲವು ಸಮೀಕ್ಷೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಸ್ವಂತ ಬಾಂಬು ಬೇಕು ಅನ್ನುತ್ತಾರೆ. ಆದರೆ ಸರ್ಕಾರ 2023ರಲ್ಲಿ ವಾಷಿಂಗ್ಟನ್‌ನಲ್ಲಿ ಎನ್‌ಪಿಟಿಗೆ ಬದ್ಧ ಎಂದು ಮತ್ತೆ ಮಾತು ಕೊಟ್ಟಿದೆ. ಈ ಎರಡೂ ಕಡೆ ತೂಗುತ್ತಿರುವುದು ಒಂದೇ ಪ್ರಶ್ನೆ: ಕಷ್ಟಕಾಲಕ್ಕೆ ಅಮೆರಿಕ ನಿಜಕ್ಕೂ ಬರುತ್ತದಾ? ಅದಕ್ಕೆ ಅವರು ಕಂಡುಕೊಳ್ಳುವ ಉತ್ತರದ ಮೇಲೆ ನಿಮ್ಮ ಪ್ರಶ್ನೆಯ ಉತ್ತರ ನಿಂತಿದೆ.