ಆರ್‌ಬಿಸಿ ಕೌಂಟ್ ಜಾಸ್ತಿ ಇದೆ, ಆದರೆ ಹಿಮೋಗ್ಲೋಬಿನ್ ಕಡಿಮೆ. ಇದು ಹೇಗೆ ಸಾಧ್ಯ?

ಖಂಡಿತ ಸಾಧ್ಯ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಎಷ್ಟು ಕೆಂಪು ರಕ್ತಕಣಗಳಿವೆ ಎಂಬುದನ್ನಷ್ಟೇ ಆರ್‌ಬಿಸಿ ಕೌಂಟ್ ಹೇಳುತ್ತದೆ, ಆ ಕಣಗಳೊಳಗೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಷ್ಟಿದೆ ಎಂಬುದನ್ನಲ್ಲ. ವಯಸ್ಕ ಗಂಡಸರಲ್ಲಿ ಸುಮಾರು 45ರಿಂದ 59 ಲಕ್ಷ, ಹೆಂಗಸರಲ್ಲಿ 40ರಿಂದ 52 ಲಕ್ಷ. ಲ್ಯಾಬಿನಿಂದ ಲ್ಯಾಬಿಗೆ ತುಸು ವ್ಯತ್ಯಾಸ ಇರುತ್ತದೆ, ನಿಮ್ಮ ರಿಪೋರ್ಟಿನ ಪಕ್ಕದಲ್ಲಿ ಕೊಟ್ಟಿರುವ ಮಿತಿಯನ್ನೇ ನೋಡಿ.

ಕಣಗಳು ಜಾಸ್ತಿ ಇದ್ದರೂ ಒಂದೊಂದೂ ಚಿಕ್ಕದಾಗಿದ್ದರೆ ಒಟ್ಟು ಹಿಮೋಗ್ಲೋಬಿನ್ ಕಡಿಮೆಯೇ ಆಗಬಹುದು, ಅಲ್ವಾ? ಕಣದ ಗಾತ್ರ ಹೇಳುವುದು ಎಂಸಿವಿ. ಅದು ಸಾಮಾನ್ಯವಾಗಿ 80ರಿಂದ 100 ಫೆಮ್ಟೋಲೀಟರ್ ಇರುತ್ತದೆ. ಎಂಸಿವಿ ಕಡಿಮೆ ಇದ್ದಾಗ ಒಂದು ಸುಲಭದ ಲೆಕ್ಕ ಇದೆ. ಎಂಸಿವಿಯನ್ನು ದಶಲಕ್ಷದಲ್ಲಿ ಬರೆದ ಆರ್‌ಬಿಸಿ ಕೌಂಟಿನಿಂದ ಭಾಗಿಸಿ. ಉದಾಹರಣೆಗೆ ಎಂಸಿವಿ 65, ಕೌಂಟ್ 58 ಲಕ್ಷ (ಅಂದರೆ 5.8 ದಶಲಕ್ಷ) ಇದ್ದರೆ, 65ನ್ನು 5.8ರಿಂದ ಭಾಗಿಸಿದಾಗ ಸುಮಾರು 11. ಉತ್ತರ 13ಕ್ಕಿಂತ ಕಡಿಮೆ ಬಂದರೆ ಥಲಸ್ಸೀಮಿಯಾ ಟ್ರೇಟ್ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ತೊಂದರೆಯ ಸೌಮ್ಯ ರೂಪ) ಇರಬಹುದೆಂಬ ಅನುಮಾನ, ಜಾಸ್ತಿ ಬಂದರೆ ಕಬ್ಬಿಣಾಂಶದ ಕೊರತೆಯ ಕಡೆ ವಾಲುತ್ತದೆ. ಇದು ಬರೀ ಅಂದಾಜು. ಖಚಿತವಾಗಲು ಫೆರಿಟಿನ್ (ದೇಹದಲ್ಲಿ ಕಬ್ಬಿಣ ಎಷ್ಟು ಸಂಗ್ರಹವಿದೆ ಎಂದು ತಿಳಿಸುವುದು) ಮತ್ತು ಹಿಮೋಗ್ಲೋಬಿನ್ ಎಲೆಕ್ಟ್ರೋಫೊರೆಸಿಸ್ (ಹಿಮೋಗ್ಲೋಬಿನ್‌ನ ವಿಧಗಳನ್ನು ಬೇರ್ಪಡಿಸಿ ನೋಡುವುದು) ಪರೀಕ್ಷೆ ಬೇಕು. ಅದಕ್ಕೂ ಮೊದಲೇ ಸುಮ್ನೆ ಐರನ್ ಮಾತ್ರೆ ಶುರು ಮಾಡಬೇಡಿ. ಬರೀ ಟ್ರೇಟ್ ಆಗಿದ್ದರೆ ಅದರಿಂದ ಉಪಯೋಗವಿಲ್ಲ.

ಹಿಮೋಗ್ಲೋಬಿನ್ ಕೂಡ ಜಾಸ್ತಿ ಇದ್ದಿದ್ದರೆ ಕಾರಣಗಳೇ ಬೇರೆ: ದೇಹದಲ್ಲಿ ನೀರು ಕಡಿಮೆಯಾಗಿರುವುದು, ಧೂಮಪಾನ, ಶ್ವಾಸಕೋಶದ ತೊಂದರೆ, ಅಪರೂಪಕ್ಕೆ ಮೂಳೆಮಜ್ಜೆಯ ಕಾಯಿಲೆ.