ಮಂಡಿಗೆ ಒಗ್ಗುವ ದಾರಿ ಹುಡುಕಿ

ಪ್ರಶ್ನೆ: ಅಕ್ಕಾ, ನಾವು ಹದಿನೈದು ಜನ ಪ್ರತಿ ಭಾನುವಾರ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತೇವೆ. ನಮ್ಮಲ್ಲೊಬ್ಬರ ಮಗನಿಗೆ ಹಿಮೋಫಿಲಿಯಾ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ ಇದೆ. 11 ವರ್ಷದ ಹುಡುಗ. ಏಪ್ರಿಲ್ 17, ವಿಶ್ವ ಹಿಮೋಫಿಲಿಯಾ ದಿನ. ಅವತ್ತು ಜನರನ್ನು ಸೇರಿಸಿ ಬೆಟ್ಟ ಹತ್ತಿ, ಇಂಥ ಮಕ್ಕಳಿಗಾಗಿ ಹಣ ಕೂಡಿಸಬೇಕು ಅಂತಿದ್ದೇವೆ. ಹುಡುಗ ಮುಂದೆ ನಡೆದರೆ ಜನ ಜಾಸ್ತಿ ಕೊಡುತ್ತಾರೆ ಅಂತ ಕೆಲವರ ಮಾತು. ಬಂದ ಹಣದಲ್ಲಿ ಇಂಜೆಕ್ಷನ್ ಕೊಡಿಸಬಹುದಾ? ನಿಮ್ಮ ಮಗನಿಗೂ ಇದೇ ಕಾಯಿಲೆ ಅಂತ ಹಿಂದೆ ಬರೆದಿದ್ದಿರಿ, ಅದಕ್ಕೇ ಕೇಳುತ್ತಿದ್ದೇವೆ.
– ವಾಕಿಂಗ್ ಗೆಳೆಯರು, ಮೈಸೂರು

ಉತ್ತರ: ನಿಮ್ಮ ಪತ್ರ ಓದಿ ಕಣ್ಣು ತುಂಬಿ ಬಂತು. ನನ್ನ ಮಗ ಚಿಕ್ಕವನಿದ್ದಾಗ ಹೀಗೆ ಕೇಳುವವರು ಒಬ್ಬರೂ ಇರಲಿಲ್ಲ. ನಡಿಗೆ ಖಂಡಿತ ಮಾಡಿ. ಆದರೆ ಬೆಟ್ಟ ಬೇಡ.

ಮಗ ಒಂಬತ್ತನೇ ವಯಸ್ಸಿನಲ್ಲಿ ಶಾಲೆಯವರ ಜೊತೆ ಒಂದು ಕೋಟೆ ಹತ್ತಿದ್ದ. ಗೆಳೆಯರ ಮುಂದೆ ‘ಆಗಲ್ಲ’ ಅನ್ನೋಕೆ ನಾಚಿಕೆ. ರಾತ್ರಿಯ ಹೊತ್ತಿಗೆ ಮಂಡಿ ತೆಂಗಿನಕಾಯಿ ಗಾತ್ರ ಊದಿತ್ತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನೋವಿಗೆಂದು ಸೊಂಟಕ್ಕೆ ಸೂಜಿ ಚುಚ್ಚಿದರು. ಅಲ್ಲೂ ರಕ್ತ ಕಟ್ಟಿತು. ಈ ಕಾಯಿಲೆಯವರ ಮಾಂಸಖಂಡಕ್ಕೆ ಇಂಜೆಕ್ಷನ್ ಕೊಡಬಾರದು ಅಂತ ನನಗೂ ಅವತ್ತು ಗೊತ್ತಿರಲಿಲ್ಲ.

ಗಾಯವಾದರೆ ಮಾತ್ರ ತೊಂದರೆ ಅಂತ ಜನ ತಿಳಿದಿರುತ್ತಾರೆ. ನಿಜವಾಗಿ ಕಾಡುವುದು ಒಳಗಿನ ರಕ್ತಸ್ರಾವ. ಮಂಡಿ, ಪಾದದ ಗಂಟು, ಮೊಣಕೈ ಇವೇ ಅದರ ಜಾಗ. ಮತ್ತೆ ಮತ್ತೆ ರಕ್ತ ತುಂಬಿದರೆ ಕೀಲು ಸವೆದು ಹೋಗುತ್ತದೆ. ಸಾವಿರದ ಎಂಟು ಮೆಟ್ಟಿಲು ಹತ್ತೋದಕ್ಕಿಂತ ಇಳಿಯುವಾಗಲೇ ಮಂಡಿಗೆ ಭಾರ ಜಾಸ್ತಿ ಅಲ್ವಾ? ಯಾರಿಗಾಗಿ ನಡೆಯುತ್ತೀರೋ ಅವರೇ ಕೆಳಗೆ ಚಪ್ಪಲಿ ಕಾಯುತ್ತಾ ಕೂರುವ ನಡಿಗೆ ನನಗೆ ಒಪ್ಪಿಗೆಯಿಲ್ಲ.

ಕುಕ್ಕರಹಳ್ಳಿ ಕೆರೆ ಇದೆಯಲ್ಲ! ಏರಿ ಮೇಲೆ ಸಮತಟ್ಟಾದ ದಾರಿ, ಮರದ ನೆರಳು, ಕೂರಲು ಬೆಂಚು. ಸುತ್ತು ಪೂರ್ತಿ ಮಾಡಲೇಬೇಕು ಅಂತಿಲ್ಲ, ಹತ್ತು ನಿಮಿಷ ನಡೆದು ವಾಪಸ್ ಬಂದರೂ ಲೆಕ್ಕವೇ. ಕೆರೆ ವಿಶ್ವವಿದ್ಯಾಲಯದ್ದು, ಮೊದಲೇ ಪತ್ರ ಕೊಟ್ಟು ಅನುಮತಿ ಕೇಳಿ. ಏಪ್ರಿಲ್ ಬಿಸಿಲು ಏರುವ ಮೊದಲು, ಬೆಳಿಗ್ಗೆ ಆರಕ್ಕೇ ಶುರು ಮಾಡಿ.

ಇನ್ನು ಹುಡುಗನ ವಿಷಯ. ದಯವಿಟ್ಟು ಅವನನ್ನು ಮುಂದೆ ನಿಲ್ಲಿಸಿ ಹಣ ಕೇಳಬೇಡಿ. ಬರ್ತೀಯಾ ಅಂತ ಅವನನ್ನೇ ಕೇಳಿ. ಇಲ್ಲ ಅಂದರೆ ಅಲ್ಲಿಗೆ ಬಿಡಿ. ಅವನ ತಾಯಿಯ ಮುಂದೆ ‘ವಂಶದ ಕಾಯಿಲೆ’ ಅಂತ ಪಿಸುಗುಡುವುದೂ ಬೇಡ. ದೋಷ ಇರುವುದು ತಾಯಿಯಿಂದ ಮಗನಿಗೆ ಬರುವ ಎಕ್ಸ್ ಕ್ರೋಮೋಸೋಮಿನಲ್ಲಿ (ವಂಶವಾಹಿಗಳನ್ನು ಹೊತ್ತ ಎಳೆ), ಅದು ಯಾರ ತಪ್ಪೂ ಅಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇದು ಇದ್ದಿರುವುದಿಲ್ಲ. ನನ್ನ ತವರಲ್ಲೂ ಇರಲಿಲ್ಲ. ಆದರೂ ಎಷ್ಟು ಮಾತು ಕೇಳಿದೆ ನಾನು!

ಹಣದ ಬಗ್ಗೆ ಹೇಳುತ್ತೇನೆ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಇಂಜೆಕ್ಷನ್ ತುಂಬಾ ದುಬಾರಿ. ಅದರಲ್ಲೊಂದು ಬಗೆಯಾದ ಫ್ಯಾಕ್ಟರ್ 8 ಆದರೆ ಹನ್ನೆರಡು ಗಂಟೆಯಲ್ಲಿ ಅರ್ಧ ಬಲ ಇಳಿದಿರುತ್ತದೆ. ನೀವು ಕೂಡಿಸಿದ್ದು ನಾಲ್ಕು ದಿನಕ್ಕೂ ಸಾಲದೆ ಹೋಗಬಹುದು. ಅದನ್ನು ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಆದರೆ ಹಳ್ಳಿಯಿಂದ ಅಲ್ಲಿಗೆ ಬರಲು ಬಸ್ ಚಾರ್ಜು, ಅಪ್ಪನ ಒಂದು ದಿನದ ಕೂಲಿ, ಫಿಸಿಯೋಥೆರಪಿ, ಮಂಡಿಗೆ ಹಾಕುವ ಪಟ್ಟಿ, ಐಸ್ ಇಡುವ ಡಬ್ಬ, ಇವಕ್ಕೆ ಯಾರೂ ಕೊಡಲ್ಲ. ಎಷ್ಟೋ ಸಲ ಬಸ್ಸಿಗೆ ದುಡ್ಡಿಲ್ಲದೆ ‘ನಾಳೆ ನೋಡೋಣ’ ಅಂದು, ಆ ನಾಳೆಯಲ್ಲೇ ಕೀಲು ಕೆಟ್ಟಿರುತ್ತದೆ. ಹಣ ಅಲ್ಲಿಗೆ ಹೋಗಲಿ. ನಿಮ್ಮ ಹೆಸರಲ್ಲಿ ಖಾತೆ ತೆರೆಯುವುದು ಬೇಡ. ಹಿಮೋಫಿಲಿಯಾದವರ ನೋಂದಾಯಿತ ಸಂಘದ ಖಾತೆಗೇ ನೇರವಾಗಿ ಹಾಕಿಸಿ, ರಸೀದಿ ಕೊಡಿಸಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಹಿಮೋಫಿಲಿಯಾ ಸೇರಿದೆ. ಇದು ಗೊತ್ತಿಲ್ಲದೆ ಪ್ರಮಾಣಪತ್ರವನ್ನೇ ಮಾಡಿಸದವರಿದ್ದಾರೆ. ಅರ್ಜಿ ತುಂಬಿಕೊಡಲು ಅವತ್ತು ಇಬ್ಬರನ್ನು ಕೂರಿಸಿ.

ನಡಿಗೆಯ ದಿನ ನನ್ನ ಮಗನೂ ಬರುತ್ತಾನಂತೆ. ಈಗವನಿಗೆ 26. ಎಡ ಮಂಡಿ ಪೂರ್ತಿ ಮಡಚಲ್ಲ, ಅರ್ಧ ದಾರಿಯಲ್ಲಿ ಬೆಂಚು ಹಿಡಿಯುತ್ತಾನೆ. ಆಗ ಯಾರಾದರೂ ಸುಮ್ನೆ ಪಕ್ಕದಲ್ಲಿ ಕೂತು ಕ್ರಿಕೆಟ್ ಮಾತಾಡಿ.